ಎರಡನೆಯ ಮಾರ್ಗರೆಟ್

ಮೂವತ್ತೊಂದು ವರ್ಷ ನಾನು ಸತ್ತವರನ್ನು ಹುಡುಕಿ ಸಂಬಳ ತೆಗೆದುಕೊಂಡೆ. ಅದೂ ನನ್ನ ಪೈಕಿಯವರನ್ನಲ್ಲ, ವೇಲ್ಸ್ ಎಂಬ ನಾಡಿನಿಂದ ಅಮೆರಿಕಕ್ಕೆ ಬಂದವರ ಪೈಕಿಯವರನ್ನು. ಹರಿಹರದ ಹೆಣ್ಣೊಬ್ಬಳು ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ ಕೂತು ಜೋನ್ಸ್, ಡೇವಿಸ್, ಇವಾನ್ಸ್‌ಗಳ ಮುತ್ತಜ್ಜಿಯರನ್ನು ಯಾಕೆ ಹುಡುಕುತ್ತಾಳೆ ಎಂದು ಲೆಮಾಂಟ್ ದೇವಸ್ಥಾನದ ಊಟದ ಸಾಲಿನಲ್ಲಿ ಕೇಳದವರಿಲ್ಲ. "ಹೊಟ್ಟೆಪಾಡು" ಎಂದು ಹೇಳಿ ಚಿತ್ರಾನ್ನದ ಕಡೆ ತಟ್ಟೆ ಚಾಚುತ್ತಿದ್ದೆ.

ಈಗ ಕೇಳಿರುವವಳು ಅನಘಾ. ಪರಿಚಯದವರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ಇದೇ ಕೆಲಸಕ್ಕೆ ಸೇರುತ್ತಿದ್ದಾಳೆ. "ಆಂಟಿ, ಟೆಲ್ ಮಿ ಹೌ ಇಟ್ ರಿಯಲಿ ಈಸ್" ಎಂದಳು. ಹೇಳುವುದಕ್ಕಿಂತ ಬರೆಯುವುದೇ ನನಗೆ ಸುಲಭ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳಮ್ಮ ಓದಿ ಹೇಳುತ್ತಾಳಂತೆ. ಹಾಗಾದರೆ ಅಮ್ಮನಿಗೂ ಒಂದೆರಡು ವಿಷಯ ತಿಳಿಯಲಿ.

ಮೊದಲು ನಾನು ಇಲ್ಲಿಗೆ ಬಂದದ್ದು ಹೇಗೆ ಎನ್ನುವುದನ್ನು ಹೇಳಬೇಕು. ಮೈಸೂರಿನಲ್ಲಿ ಲೈಬ್ರರಿ ಸೈನ್ಸ್ ಓದಿದ್ದೆ. ಮದುವೆ ಕೂಡಿ ಬರಲಿಲ್ಲ, ಆಮೇಲೆ ನಾನೇ ಬೇಡವೆಂದೆ. ಇಲ್ಲಿ ಅಣ್ಣ ಡಾಕ್ಟರು, ಅತ್ತಿಗೆಯೂ ಡಾಕ್ಟರು. ಅವರಿಗೆ ಅಶ್ವಿನಿ ಹುಟ್ಟಿದಾಗ ನೋಡಿಕೊಳ್ಳಲು ಆರು ತಿಂಗಳೆಂದು ಬಂದವಳು ಅವರ ಮನೆಯ ಮಹಡಿಯ ಕೋಣೆಯಲ್ಲಿ ಇಪ್ಪತ್ತಮೂರು ವರ್ಷ ಇದ್ದೆ. ಮಗು ಸ್ಕೂಲಿಗೆ ಹೋಗಲು ಶುರುವಾದ ಮೇಲೆ ರೈಲ್ವೆ ಸ್ಟೇಷನ್ನಿನ ಹತ್ತಿರ, ಚಪ್ಪಲಿ ರಿಪೇರಿ ಅಂಗಡಿಯ ಮೇಲಿದ್ದ ಪುಟ್ಟ ಆಫೀಸಿನಲ್ಲಿ ಕೆಲಸ ಸಿಕ್ಕಿತು. ವೆಲ್ಷ್ ಮೂಲದ ಅಮೆರಿಕನ್ನರಿಗೆ ಅವರ ವಂಶಾವಳಿ ಹುಡುಕಿಕೊಡುವುದು ಆ ಆಫೀಸಿನ ಕಸುಬು.

ಅಲ್ಲಿಯ ಒಡತಿ ಮಿಸೆಸ್ ಬೆವನ್. ಐದಡಿ ಎತ್ತರ, ಬಾಯಿ ಮಾತ್ರ ಆರಡಿ. ಅರ್ಜಿ ನೋಡಿ, "ಹಾಲಪ್ಪ ನಿಮ್ಮ ಮನೆತನದ ಹೆಸರಾ?" ಎಂದು ಕೇಳಿದರು. ನಾನು, ಅಲ್ಲ, ಅದು ಅಪ್ಪನ ಹೆಸರು, ಅಪ್ಪನಿಗೆ ಅವರಪ್ಪನ ಹೆಸರು ಕೊನೆಗೆ, ಹೀಗೆ ಪ್ರತಿ ತಲೆಮಾರಿಗೂ ಕೊನೆಯ ಹೆಸರು ಬದಲಾಗುತ್ತದೆ ಎಂದೆ. ಆಕೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಹಳೆಯ ವೇಲ್ಸ್‌ನಲ್ಲೂ ಪದ್ಧತಿ ಅದೇ. ಡೇವಿಡ್‌ನ ಮಗ ಇವಾನ್, ಇವಾನ್‌ನ ಮಗ ಜಾನ್ ಇವಾನ್, ಅವನ ಮಗ ಇನ್ನೇನೋ ಜಾನ್. ಇದನ್ನು ಅಮೆರಿಕನ್ ಹುಡುಗಿಯರ ತಲೆಗೆ ತುಂಬಲು ಆಕೆಗೆ ಒಂದೊಂದು ವರ್ಷ ಹಿಡಿಯುತ್ತಿತ್ತಂತೆ. "ಸೋಮವಾರ ಬನ್ನಿ" ಎಂದರು. ಅಲ್ಲಿಂದ ಮೂವತ್ತೊಂದು ವರ್ಷ ಆ ಆಫೀಸಿನಲ್ಲಿ ಎಲ್ಲರೂ ನನ್ನನ್ನು ಮಿಸ್ ಹಾಲಪ್ಪ ಎಂದೇ ಕರೆದರು. ಅಪ್ಪನ ಹೆಸರಿಗೆ ಓಗೊಟ್ಟೇ ನೌಕರಿ ಮುಗಿಸಿದೆ.

ಕೆಲಸವೆಂದರೆ ಆಗ ಮೈಕ್ರೊಫಿಲ್ಮ್. ಕತ್ತಲೆ ಕೋಣೆಯಲ್ಲಿ ಯಂತ್ರದ ಮುಂದೆ ಕೂತು ರೀಲು ತಿರುಗಿಸುತ್ತಾ ಪಾದ್ರಿಗಳ ಕಾಗೆ ಕಾಲು ಗುಬ್ಬಿ ಕಾಲು ಓದುವುದು. ಒಂದು ಪ್ರಮಾಣಪತ್ರಕ್ಕೆ ಬರೆದರೆ ವೇಲ್ಸ್‌ನಿಂದ ಉತ್ತರ ಬರಲು ಆರು ವಾರ. ಆ ಆರು ವಾರದಲ್ಲಿ ಮನುಷ್ಯ ಯೋಚಿಸುತ್ತಿದ್ದ. ಈಗ ಒಂದು ಗುಂಡಿ ಒತ್ತಿದರೆ ಕಂಪ್ಯೂಟರು ನಲವತ್ತು ಮಂದಿ ಮುತ್ತಜ್ಜರನ್ನು ಉಗುಳುತ್ತದೆ, ಅದರಲ್ಲಿ ಮೂವತ್ತೊಂಬತ್ತು ಮಂದಿ ಬೇರೆ ಯಾರದೋ. ಎಂಜಲಿನ ಡಿಎನ್‌ಎ ಟೆಸ್ಟಿನಲ್ಲಿ ರಕ್ತಸಂಬಂಧವೂ ತಿಳಿಯುತ್ತದೆ. ಅದೆಲ್ಲ ಒಳ್ಳೆಯದೇ. ಆದರೆ ಅನಘಾ, ಕಾಯುವುದನ್ನು ಕಲಿಸುವ ಯಂತ್ರ ಇನ್ನೂ ಬಂದಿಲ್ಲ.

ಮಿಸೆಸ್ ಬೆವನ್‌ರದು ಒಂದೇ ಮಂತ್ರ. ಒಂದು ಸಂಗತಿಗೆ ಮೂರು ಕಾಗದ. ಮೂರು ಬೇರೆ ಬೇರೆ ಕೈಗಳು ಬರೆದ ಮೂರು ಕಾಗದ ಒಂದೇ ಮಾತು ಹೇಳಿದರೆ ಮಾತ್ರ ವರದಿಯಲ್ಲಿ ಬರೆ. ಅವರು ನನ್ನ ವರದಿಯನ್ನು ಕೆಂಪು ಪೆನ್ನಿನಲ್ಲಿ ಎಷ್ಟು ಸಲ ಗೀಚಿ ಎಸೆದಿದ್ದಾರೋ! ಬಾತ್‌ರೂಮಿನಲ್ಲಿ ಅತ್ತಿದ್ದೇನೆ. ಅವರು ತೀರಿಕೊಂಡಾಗ ಅದಕ್ಕಿಂತ ಹೆಚ್ಚು ಅತ್ತೆ.

ಬರುವ ಗಿರಾಕಿಗಳಿಗೆಲ್ಲ ರಾಜಕುಮಾರರೇ ಬೇಕು. ವೇಲ್ಸ್ ಎಂದರೆ ಕೋಟೆ, ಕೋಟೆ ಎಂದರೆ ನಮ್ಮಜ್ಜನದು ಎಂದೇ ಬರುತ್ತಾರೆ. ಸಿಗುವುದು ಕಲ್ಲಿದ್ದಲು ಗಣಿಯವನು, ಸ್ಲೇಟು ಕಲ್ಲು ಸೀಳುವವನು. ಒಬ್ಬ ಹಲ್ಲಿನ ಡಾಕ್ಟರಿಗೆ ಕುರಿಕಳ್ಳ ಸಿಕ್ಕಿದ. ಎರಡು ಕುರಿ ಕದ್ದು ಜೈಲಿಗೆ ಹೋದವನು. ಡಾಕ್ಟರು ಫೋನಿನಲ್ಲಿ ಹತ್ತು ನಿಮಿಷ ಕೂಗಾಡಿದರು. ಆ ವರ್ಷದ ಕ್ರಿಸ್‌ಮಸ್‌ಗೆ ಅವರಿಂದ ಒಂದು ಕಾರ್ಡು ಬಂತು, ಅದರ ಮೇಲೆ ಟೋಪಿ ಹಾಕಿಕೊಂಡ ಎರಡು ಕುರಿಗಳ ಚಿತ್ರ. ಆಮೇಲೆ ಪ್ರತಿ ವರ್ಷವೂ ಕುರಿ ಕಾರ್ಡು ಬರುತ್ತಿತ್ತು. ಜನ ಅಂದುಕೊಂಡಷ್ಟು ಸಣ್ಣವರಲ್ಲ. ಸ್ವಲ್ಪ ಸಮಯ ಕೊಡಬೇಕು.

ಇನ್ನು ನನ್ನ ತಪ್ಪಿನ ವಿಷಯ. ಸಣ್ಣಪುಟ್ಟದ್ದು ಬಹಳ ಇವೆ. ಹೇಳಬೇಕಾದದ್ದು ಒಂದೇ.

ಮಿಶಿಗನ್‌ನ ಪ್ಲಿಮತ್‌ನಿಂದ ಡೋರತಿ ಎಂಬ ಹೆಂಗಸು ಬರೆದಿದ್ದಳು. ವಯಸ್ಸು ಎಪ್ಪತ್ತೆಂಟು, ಕಾರಿನ ಬಿಡಿಭಾಗ ಮಾಡುವ ಕಂಪನಿಯ ಆಫೀಸಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತಳಾದವಳು, ಗಂಡನಿಲ್ಲ, ಮಕ್ಕಳಿಲ್ಲ. ಅವಳನ್ನು ಸಾಕಿದ್ದು ಅಜ್ಜಿ ಮಾರ್ಗರೆಟ್. ವೇಲ್ಸ್‌ನಲ್ಲಿ ಹುಟ್ಟಿ ಮದುವೆಯಾಗಿ ಡೆಟ್ರಾಯಿಟ್‌ಗೆ ಬಂದವಳು. ಅಜ್ಜಿಯ ಗೋರಿಗೆ ಮೊದಲು ಹಾಕಿದ ಕಲ್ಲು ಸೀಳಿಹೋಗಿತ್ತು. ಹೊಸ ಕಲ್ಲಿನ ಮೇಲೆ ಅಜ್ಜಿ ಹುಟ್ಟಿದ ದಿನ, ತಂದೆ ತಾಯಿಯ ಹೆಸರು ಸರಿಯಾಗಿ ಕೆತ್ತಿಸಬೇಕು. ಅಷ್ಟೇ ಅವಳ ಬೇಡಿಕೆ. ನಾನು ಸತ್ತರೆ ಅಜ್ಜಿ ಯಾರೆಂದು ಹೇಳುವವರು ಯಾರೂ ಇಲ್ಲ, ಕಲ್ಲಾದರೂ ಹೇಳಲಿ ಎಂದು ಬರೆದಿದ್ದಳು.

ಆಗ ಮಿಸೆಸ್ ಬೆವನ್ ಇರಲಿಲ್ಲ. ನನ್ನ ವರದಿ ತಿದ್ದುವವರೂ ಇರಲಿಲ್ಲ. ಕೆಲಸ ಬಹಳ ಸಲೀಸಾಗಿ ಆಯಿತು. ಹಳ್ಳಿಯ ಚಾಪೆಲು ಎಂದರೆ ಸಣ್ಣ ಚರ್ಚು, ಅಲ್ಲಿಯ ದೀಕ್ಷಾಸ್ನಾನದ ಪಟ್ಟಿಯಲ್ಲಿ ಮಾರ್ಗರೆಟ್ ಸಿಕ್ಕಿದಳು, ತಂದೆ ವಿಲಿಯಂ, ತಾಯಿ ಆ್ಯನ್, ಮನೆ ಟೀ ಗ್ವಿನ್, ಅಂದರೆ ಬಿಳಿಮನೆ. ಊರ ತುಂಬ ಅದೇ ನಾಲ್ಕು ಹೆಸರಿನ ಜನ, ಹಾಗಾಗಿ ನಮ್ಮಲ್ಲಿಯಂತೆ ಅಲ್ಲೂ ಮನೆಯ ಹೆಸರಿನಿಂದಲೇ ಗುರುತು. ವೇಲ್ಸ್‌ನ ಜನಗಣತಿಯಲ್ಲಿ ಅದೇ ಬಿಳಿಮನೆಯಲ್ಲಿ ವಿಲಿಯಂ, ಆ್ಯನ್, ದೊಡ್ಡ ಮಗಳು ಕ್ಯಾಥರಿನ್, ಚಿಕ್ಕ ಮಗಳು ಮಾರ್ಗರೆಟ್. ಮೂರನೆಯ ಕಾಗದ ಹಡಗಿನ ಪ್ರಯಾಣಿಕರ ಪಟ್ಟಿ. ಚಾಪೆಲಿನ ಲೆಕ್ಕಕ್ಕೂ ಉಳಿದ ಎರಡಕ್ಕೂ ವಯಸ್ಸಿನಲ್ಲಿ ಮೂರು ವರ್ಷ ವ್ಯತ್ಯಾಸವಿತ್ತು. ಗಣತಿಯ ಗುಮಾಸ್ತ ಕಿವುಡನಿರಬೇಕು, ಹಡಗಿನಲ್ಲಿ ಇವಳೇ ಕಡಿಮೆ ಹೇಳಿರಬೇಕು ಎಂದುಕೊಂಡೆ. ಹುಟ್ಟಿದ ಸರ್ಟಿಫಿಕೇಟಿಗೆ ಬರೆಯಲಿಲ್ಲ. ಚಾಪೆಲಿನ ದಾಖಲೆ ಕೈಯಲ್ಲಿರುವಾಗ ಅದು ಯಾಕೆ?

ಆಗಲೇ ಇನ್ನೊಂದು ಕಾಗದವೂ ನನ್ನ ಕಣ್ಣ ಮುಂದೆ ಬಂದಿತ್ತು. ಡೆಟ್ರಾಯಿಟ್‌ನ ಜನಗಣತಿ. ಆ ಸಲ ಗಣತಿಯವರು ಮನೆ ಮನೆಗೆ ಹೋಗಿ ಮದುವೆಯಾದ ಹೆಂಗಸರನ್ನು ಎಷ್ಟು ಹೆತ್ತಿರಿ, ಎಷ್ಟು ಬದುಕಿವೆ ಎಂದು ಕೇಳಿದ್ದರು. ಮಾರ್ಗರೆಟ್‌ಳ ಎದುರು ಮೂರು, ಮೂರು ಎಂದಿತ್ತು. ಅದೇ ಮನೆಯ ಮಹಡಿಯಲ್ಲಿದ್ದ ಅಕ್ಕ ಕ್ಯಾಥರಿನ್, ಮದುವೆಯಾಗದವಳು. ಅವಳ ಎದುರು ಒಂದು, ಒಂದು ಎಂದು ಬರೆದು, ಅದರ ಮೇಲೆ ಗೆರೆ ಎಳೆದಿತ್ತು. ಗುಮಾಸ್ತನ ಕೈತಪ್ಪು ಎಂದುಕೊಂಡು ಪುಟ ತಿರುಗಿಸಿದೆ. ವರದಿ ಕಳಿಸಿದೆ. ಡೋರತಿ ಕಲ್ಲು ಕೆತ್ತಿಸಿ ಫೋಟೊ ಕಳಿಸಿದಳು. ವಿಲಿಯಂ ಮತ್ತು ಆ್ಯನ್ ಅವರ ಮಗಳು ಮಾರ್ಗರೆಟ್, ಹುಟ್ಟಿದ್ದು ಇಂಥ ದಿನ. ಆ ಫೋಟೊವನ್ನು ನಾನು ಹೆಮ್ಮೆಯಿಂದ ಮೇಜಿನ ಮೇಲೆ ಇಟ್ಟುಕೊಂಡೆ.

ಆರು ವರ್ಷದ ಮೇಲೆ ಅದೇ ಹಳ್ಳಿಯ ಇನ್ನೊಬ್ಬರ ಕೆಲಸ ಬಂತು. ಅಷ್ಟು ಹೊತ್ತಿಗೆ ಆ ಚಾಪೆಲಿನ ಪುಸ್ತಕಗಳೆಲ್ಲ ಕಂಪ್ಯೂಟರಿನಲ್ಲಿ ಬಂದಿದ್ದವು, ನನಗೂ ವೆಲ್ಷ್ ಭಾಷೆ ತಕ್ಕಮಟ್ಟಿಗೆ ಓದಲು ಬರುತ್ತಿತ್ತು. ಸತ್ತವರ ಪಟ್ಟಿಯಲ್ಲಿ ಒಂದು ಸಾಲು. ಬಿಳಿಮನೆಯ ವಿಲಿಯಂನ ಮಗು ಮಾರ್ಗರೆಟ್, ಒಂಬತ್ತು ತಿಂಗಳು. ಮುಂದೆ ಓದಿದೆ. ಮೂರು ವರ್ಷದ ನಂತರದ ಚಾಪೆಲ್ ಸಭೆಯ ನಡಾವಳಿ. ಬಿಳಿಮನೆಯ ಕ್ಯಾಥರಿನ್, ಹದಿನೇಳು ವರ್ಷ, ಸಭೆಯಿಂದ ಹೊರಗೆ ಹಾಕಲಾಗಿದೆ. ಕಾರಣ ಬರೆದಿರಲಿಲ್ಲ. ಹದಿನೇಳರ ಹುಡುಗಿಯನ್ನು ಚಾಪೆಲಿನವರು ಹೊರಗೆ ಹಾಕುತ್ತಿದ್ದ ಕಾರಣ ಸಾಮಾನ್ಯವಾಗಿ ಒಂದೇ.

ಆಗ ಬರೆದು ತರಿಸಿದೆ, ಆವತ್ತು ತರಿಸಬೇಕಾಗಿದ್ದ ಸರ್ಟಿಫಿಕೇಟನ್ನು. ಮಗು ಮಾರ್ಗರೆಟ್. ತಾಯಿ ಕ್ಯಾಥರಿನ್. ತಂದೆಯ ಜಾಗದಲ್ಲಿ ಅಡ್ಡಗೆರೆ. ಗಣತಿಯವರಿಗೆ ವಿಲಿಯಂ, ಆ್ಯನ್ ಈ ಮೊಮ್ಮಗಳನ್ನೇ ಮಗಳೆಂದು ಬರೆಸಿದ್ದರು.

ಸತ್ತ ಮಗುವಿನ ಹೆಸರನ್ನು ಮುಂದೆ ಹುಟ್ಟಿದ ಮಗುವಿಗೆ ಇಡುವುದು ಅಲ್ಲಿಯ ರೂಢಿ. ನಮ್ಮ ಕಡೆ ಹಾಗೆ ಮಾಡಿದರೆ ಮುದುಕಿಯರು ಎದೆ ಬಡಿದುಕೊಳ್ಳುತ್ತಿದ್ದರು. ನಮ್ಮಲ್ಲಿ ಮಗು ಸತ್ತರೆ ಮುಂದಿನದಕ್ಕೆ ತಿಪ್ಪಮ್ಮ, ಗುಂಡಮ್ಮ ಎಂದು ಇಟ್ಟು ಯಮನ ಕಣ್ಣು ತಪ್ಪಿಸುತ್ತಾರೆ. ನನ್ನ ಅಜ್ಜಿಯೇ ತಿಪ್ಪಮ್ಮ. ಹಾಗಾಗಿ ಒಂದು ಮನೆಯಲ್ಲಿ ಮಾರ್ಗರೆಟ್ ಸಿಕ್ಕ ಮೇಲೆ ಅದೇ ಮನೆಯಲ್ಲಿ ಇನ್ನೊಬ್ಬ ಮಾರ್ಗರೆಟ್ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ಸತ್ತವರ ಪಟ್ಟಿ ತೆರೆಯಲೇ ಇಲ್ಲ.

ಆಫೀಸಿಗೆ ಹೊಸದಾಗಿ ಬಂದಿದ್ದ ಮ್ಯಾನೇಜರು, ಮುಗಿದ ಫೈಲು ತೆರೆಯಬೇಡಿ, ಆಕೆ ಸಂತೋಷವಾಗಿದ್ದಾರೆ, ಇರಲಿ ಬಿಡಿ ಎಂದ. ಎರಡು ವಾರ ನನ್ನ ಮನಸ್ಸೂ ಅದನ್ನೇ ಹೇಳಿತು. ಅಣ್ಣ ಅತ್ತಿಗೆ ಆಗಲೇ ಅರಿಜೋನಾಕ್ಕೆ ಹೋಗಿದ್ದರು, ಅಶ್ವಿನಿ ಬಾಸ್ಟನ್‌ನಲ್ಲಿದ್ದಳು. ನಾನು ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ. ಕೇಳಲು ಯಾರೂ ಇಲ್ಲದೆ ಅಣ್ಣನಿಗೆ ಫೋನು ಮಾಡಿದೆ.

"ಸುಮ್ನಿರು ಮಾರಾಯ್ತಿ, ಎಂಬತ್ತು ದಾಟಿದ ಮುದುಕಿಗೆ ಯಾಕ್ ಹೇಳ್ತಿ?" ಎಂದ ಅಣ್ಣ.

"ಕಲ್ಲಿನ್ ಮ್ಯಾಲೆ ಸುಳ್ಳು ಕೆತ್ಸಿದೀನಲ್ಲೋ ನಾನು."

"ಕಲ್ಲು ಯಾರ್ ಓದ್ತಾರೆ ಬಿಡು."

ಅದೇ ನನಗೆ ತಡೆಯಲಾಗದ ಮಾತು. ಶನಿವಾರ ಬೆಳಿಗ್ಗೆ ಕಾರು ತೆಗೆದು ಹೊರಟೆ. ಡೌನರ್ಸ್ ಗ್ರೋವ್‌ನಿಂದ ಪ್ಲಿಮತ್ ಇನ್ನೂರ ಎಪ್ಪತ್ತು ಮೈಲಿ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಎಕ್ಸಿಟ್ ಬರುವ ಹೊತ್ತಿಗೆ ಎಲ್ಲ ಮರೆತಿತ್ತು.

ಡೋರತಿ ಕೇಕು ಮಾಡಿಟ್ಟಿದ್ದಳು. ಅದು ಇನ್ನೂ ಸಂಕಟ. ಕಾಗದಗಳನ್ನು ಒಂದೊಂದಾಗಿ ಅವಳ ಮುಂದೆ ಇಟ್ಟು, ತಪ್ಪು ನನ್ನದು ಎಂದು ಮೊದಲೇ ಹೇಳಿದೆ. ಅವಳು ಆಡಿದ್ದು ಇಂಗ್ಲಿಷಿನಲ್ಲಿ, ನನಗೆ ನೆನಪಿರುವುದು ಕನ್ನಡದಲ್ಲಿ. ಕ್ಯಾಥರಿನ್ ಅವಳ ಬಾಯಲ್ಲಿ ಕೇಟ್ ಆಂಟಿ.

"ಅಂದ್ರೆ ಕೇಟ್ ಆಂಟಿ ನಮ್ಮಜ್ಜಿಯ ಅಕ್ಕ ಅಲ್ಲ."

"ಅಲ್ಲ. ತಾಯಿ."

"ನನ್ನ ಅಜ್ಜಿ ಕಲ್ಲಿನ ಮೇಲೆ ಇರೋದು ಯಾರ ಹುಟ್ಟಿದ ದಿನ?"

"ತೀರಿಹೋದ ಮಗುವಿನದು."

ಅವಳು ನನ್ನನ್ನು ನೇರವಾಗಿ ನೋಡಿ ಕೇಳಿದಳು. "ಮದುವೆಯಾಗದ ಅಕ್ಕ ಒಬ್ಬಳು, ವಯಸ್ಸಾದ ತಂದೆ ತಾಯಿಯನ್ನ ಬಿಟ್ಟು, ಸಮುದ್ರ ದಾಟಿ ಬಂದು, ತಂಗಿ ಮನೆ ಮಹಡಿ ಮೇಲೆ ಸಾಯೋ ತನಕ ಇದ್ದಳು. ಇದು ನಿಮಗೆ ವಿಚಿತ್ರ ಅನ್ನಿಸಲಿಲ್ವಾ? ನೀವು ಇದೇ ಕೆಲಸದವರಲ್ವಾ?"

ಅನ್ನಿಸಲಿಲ್ಲ. ಅದೇ ನಿಜ. ನಾನು ಅಣ್ಣನ ಮನೆಯ ಮಹಡಿಯಲ್ಲಿ ಇಪ್ಪತ್ತಮೂರು ವರ್ಷ ಇದ್ದವಳು. ಅವನ ಮಗಳಿಗೆ ಜಡೆ ಹಾಕಿ, ಡಬ್ಬಿ ಕಟ್ಟಿ, ಪಿಯಾನೊ ಕ್ಲಾಸಿಗೆ ಡ್ರೈವ್ ಮಾಡಿದವಳು. ಒಂಟಿ ಹೆಂಗಸು ಒಡಹುಟ್ಟಿದವರ ಮನೆಯಲ್ಲಿ ಇರುವುದಕ್ಕೆ ಕಾರಣ ಬೇಕು ಎಂದೇ ನನಗೆ ತಿಳಿದಿರಲಿಲ್ಲ. ನನ್ನ ಅಮೆರಿಕನ್ ಸಹೋದ್ಯೋಗಿಗಳಲ್ಲಿ ಯಾರಾದರೂ ಆ ಫೈಲು ನೋಡಿದ್ದರೆ ಮೊದಲ ದಿನವೇ, ಇವಳು ಇಲ್ಲಿ ಯಾಕಿದ್ದಾಳೆ ಎಂದು ಕೇಳುತ್ತಿದ್ದರು. ನಾನು ಮಾತ್ರ ಅವಳನ್ನು ನೋಡಿ, ಸರಿ, ನನ್ನ ಹಾಗೆ ಒಬ್ಬಳು ಎಂದು ಮುಂದೆ ಹೋಗಿದ್ದೆ. ಇದನ್ನು ಡೋರತಿಗೆ ಹೇಳಬೇಕೆಂದುಕೊಂಡೆ. ಹೇಳಲಾಗಲಿಲ್ಲ.

ಗಣತಿಯ ಹಾಳೆ ತೋರಿಸಿದೆ. ಒಂದು, ಒಂದು, ಅದರ ಮೇಲಿನ ಗೆರೆ. ಬಾಗಿಲಿಗೆ ಬಂದ ಅಪರಿಚಿತನಿಗೆ ಇದನ್ನು ಯಾರು ಹೇಳಿದರೋ ಗೊತ್ತಿಲ್ಲ ಎಂದೆ. ಕೇಟ್ ತಾನೇ ಹೇಳಿ, ಆಮೇಲೆ ಹೆದರಿ ಗೆರೆ ಹೊಡೆಸಿದಳೋ, ಕುಮಾರಿಗೆ ಈ ಪ್ರಶ್ನೆ ಇಲ್ಲ ಎಂದು ಗುಮಾಸ್ತನೇ ಹೊಡೆದನೋ, ಅದನ್ನು ಯಾವ ಕಾಗದವೂ ಹೇಳುವುದಿಲ್ಲ.

ಡೋರತಿ ಬೆರಳಿನಿಂದ ಆ ಸಾಲನ್ನು ಮುಟ್ಟಿದಳು. "ಅಜ್ಜಿಗೆ ಅರವತ್ತಾದ್ರೂ ಕೇಟ್ ಆಂಟಿಯೇ ತಲೆ ಬಾಚೋಳು" ಎಂದಳು. "ಅಡಿಗೆಮನೆ ಕುರ್ಚಿ ಮೇಲೆ ಕೂರಿಸ್ಕೊಂಡು. ಕೈ ನಡುಗ್ತಾ ಇತ್ತು. ನಾವು ಮಕ್ಕಳು ಬಾಗಿಲ ಹತ್ರ ನಿಂತು ನಗ್ತಿದ್ವಿ. ಒಂದ್ ಸಲ ನಾನು ಅವಳ ಹಾಗೇ ಕೈ ನಡುಗಿಸಿ ತೋರಿಸಿದೆ. ಅವಳು ನೋಡಿಬಿಟ್ಟಳು."

ಅವಳು ಅಳಲಿಲ್ಲ. ಎದ್ದು ನನ್ನ ಕೋಟು ತಂದು ಕೈಗೆ ಕೊಟ್ಟಳು. "ನೀವೀಗ ಹೊರಡಿ. ನನ್ನ ಅಜ್ಜಿ ಗೋರಿ ಮೇಲೆ ಇನ್ಯಾರದೋ ಹುಟ್ಟಿದ ದಿನ ಹಾಕಿಸಿದೀರಿ ನೀವು" ಎಂದಳು. ಕೇಕು ಹಾಗೇ ಉಳಿಯಿತು.

ವಾಪಸು ಬರುವಾಗ ದಾರಿಯ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ಅಶ್ವಿನಿಗೆ ಫೋನು ಮಾಡಿದೆ. ಯಾಕೆಂದು ಕೇಳಿದರೆ ಏನು ಹೇಳಬೇಕೆಂದು ತಿಳಿದಿರಲಿಲ್ಲ.

"ಅತ್ತೆ, ಈಸ್ ಎವ್ರಿಥಿಂಗ್ ಓಕೆ? ಐ ಆ್ಯಮ್ ವಿತ್ ಫ್ರೆಂಡ್ಸ್. ಕ್ಯಾನ್ ಐ ಕಾಲ್ ಯೂ ಬ್ಯಾಕ್?"

"ಏನಿಲ್ಲಮ್ಮ, ಸುಮ್ನೆ ಮಾಡ್ದೆ. ಊಟ ಮಾಡು" ಎಂದೆ.

ಒಳ್ಳೆಯ ಹುಡುಗಿ ಅವಳು. ಮುಂದಿನ ಭಾನುವಾರ ನೆನಪಿಟ್ಟುಕೊಂಡು ಮಾಡಿದಳು. ಆದರೆ ಆವತ್ತು ಆ ಪಾರ್ಕಿಂಗ್ ಜಾಗದಲ್ಲಿ ಕೂತಷ್ಟು ಒಂಟಿಯಾಗಿ ನಾನು ಎಂದೂ ಇರಲಿಲ್ಲ. ಟ್ರಕ್ಕುಗಳು ಬಂದವು, ಹೋದವು. ಈ ಕೆಲಸ ಬಿಟ್ಟುಬಿಡಬೇಕು ಅನ್ನಿಸಿತು. ಬಿಡಲಿಲ್ಲ, ಸೋಮವಾರ ಬೆಳಿಗ್ಗೆ ಹೋಗಲು ಬೇರೆ ಎಲ್ಲೂ ಇರಲಿಲ್ಲ.

ನಾಲ್ಕು ತಿಂಗಳು ಡೋರತಿಯಿಂದ ಸುದ್ದಿಯಿಲ್ಲ. ಹೊಸ ಕಲ್ಲು ಹಾಕಿಸಿಕೊಡುತ್ತೇನೆಂದು ಕಾಗದ ಬರೆದೆ, ಉತ್ತರ ಬರಲಿಲ್ಲ. ಜುಲೈನಲ್ಲಿ ಫೋನು ಬಂತು. "ಬರ್ತೀರಾ? ಸ್ಮಶಾನದ ಹತ್ರ ಸಿಗ್ತೀನಿ" ಎಂದಷ್ಟೇ ಹೇಳಿ ಇಟ್ಟಳು.

ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ಬಿಸಿಲು. ಡೋರತಿ ಮಡಿಸುವ ಕುರ್ಚಿ ಹಾಕಿಕೊಂಡು ಛತ್ರಿ ಹಿಡಿದು ಕೂತಿದ್ದಳು. ಕೇಟ್‌ಳನ್ನು ಮಣ್ಣು ಮಾಡಿದ್ದು ಅಜ್ಜಿಯ ಹತ್ತಿರ ಅಲ್ಲ, ಬೇಲಿಯ ಪಕ್ಕದ ಮೂಲೆಯಲ್ಲಿ, ಅಲ್ಲಿಯವರೆಗೆ ಕಲ್ಲಿಲ್ಲದೆ. ಈಗ ಅಲ್ಲೊಂದು ಸಣ್ಣ ಬೂದು ಕಲ್ಲು. ಕ್ಯಾಥರಿನ್, ಮಾರ್ಗರೆಟ್‌ಳ ತಾಯಿ. ಹುಟ್ಟಿದ, ಸತ್ತ ದಿನಾಂಕ ಇರಲಿಲ್ಲ. "ನಿಮ್ಮ ದಿನಾಂಕ ನಂಬೋ ಧೈರ್ಯ ಆಗಲಿಲ್ಲ" ಎಂದಳು ಡೋರತಿ. ಮುಖದಲ್ಲಿ ನಗು ಇತ್ತೋ ಇಲ್ಲವೋ, ಛತ್ರಿಯ ನೆರಳಿನಲ್ಲಿ ಕಾಣಲಿಲ್ಲ.

ಅಲ್ಲಿಂದ ಅಜ್ಜಿಯ ಗೋರಿಗೆ ನಿಧಾನವಾಗಿ ನಡೆದೆವು. ಅವಳು ನನ್ನ ತೋಳು ಹಿಡಿದುಕೊಂಡಳು. ಅಲ್ಲಿ ನನ್ನ ತಪ್ಪು ಹಾಗೇ ಇತ್ತು. ವಿಲಿಯಂ ಮತ್ತು ಆ್ಯನ್ ಅವರ ಮಗಳು. ಅದೇ ದಿನ, ಅದೇ ವರ್ಷ. ಇದನ್ನು ಯಾಕೆ ಬದಲಾಯಿಸಲಿಲ್ಲ, ನಾನು ಹಾಕಿಸಿಕೊಡುತ್ತೇನೆ ಎಂದೆನಲ್ಲ ಎಂದೆ.

"ಬದಲಾಯಿಸಬೇಕು ಅಂತಲೇ ಕಲ್ಲು ಕೆತ್ತೋನನ್ನ ಕರೆಸಿದ್ದೆ" ಎಂದಳು. "ಅವನು ಅಳತೆ ತಗೊಳ್ತಾ ಇದ್ದ. ಆಗ ಯೋಚನೆ ಬಂತು. ಆ ಒಂಬತ್ತು ತಿಂಗಳ ಮಗುವಿಗೆ ಎಲ್ಲಾದರೂ ಕಲ್ಲಿದೆಯಾ?"

ಇಲ್ಲ ಎಂದೆ. ಅಂಥ ಬಡವರ ಕೂಸುಗಳಿಗೆ ಕಲ್ಲು ಹಾಕಿಸುತ್ತಿರಲಿಲ್ಲ. ಹೆಸರನ್ನೂ ಮುಂದಿನ ಮಗುವಿಗೆ ಕೊಟ್ಟುಬಿಟ್ಟಿದ್ದರು.

"ಹಾಗಾದ್ರೆ ಇದು ಅವಳದೂ ಆಗಲಿ. ಅಜ್ಜಿ ಅವಳ ಹೆಸರು ತಗೊಂಡು ಎಂಬತ್ತು ವರ್ಷ ಬದುಕಿದಳು. ಸ್ವಲ್ಪ ಜಾಗ ಕೊಡಲಿ."

ನಾನು ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತೆ. ಆ ವಯಸ್ಸಿನಲ್ಲಿ, ಆಫೀಸಿನ ಬಟ್ಟೆಯಲ್ಲಿ, ನಾಚಿಕೆಯಿಲ್ಲದೆ. ಡೋರತಿ ಛತ್ರಿಯನ್ನು ನನ್ನ ಕಡೆ ಸರಿಸಿ ನಿಂತಿದ್ದಳು.

ಅವಳೂ ಹೋಗಿ ಕೆಲವು ವರ್ಷವಾಯಿತು. ಅಜ್ಜಿಯ ಪಕ್ಕ ತನಗೆಂದು ಕೊಂಡಿದ್ದ ಜಾಗವನ್ನು ಬಿಟ್ಟು, ಬೇಲಿಯ ಮೂಲೆಯಲ್ಲಿ ಕೇಟ್‌ಳ ಪಕ್ಕದಲ್ಲಿ ತನ್ನನ್ನು ಮಣ್ಣು ಮಾಡಿಸಿಕೊಂಡಿದ್ದಾಳೆ. ನಾನು ವರ್ಷಕ್ಕೊಮ್ಮೆ ಹೋಗಿ ಬರುತ್ತೇನೆ. ಕಳೆದ ಸಲ ಹೋದಾಗ ಕೇಟ್‌ಳ ಕಲ್ಲು ಒಂದು ಪಕ್ಕಕ್ಕೆ ವಾಲಿತ್ತು. ಸ್ಮಶಾನದ ಆಫೀಸಿಗೆ ಹೋಗಿ ಸರಿಮಾಡಿಸಿ ಎಂದೆ. ಅಲ್ಲಿದ್ದ ಹುಡುಗಿ ಕಂಪ್ಯೂಟರು ನೋಡುತ್ತಾ, ಮನೆಯವರು ಹೇಳಿದರೆ ಮಾತ್ರ ಕಲ್ಲು ಮುಟ್ಟಬಹುದು, ಅದು ರೂಲು ಎಂದಳು. ಆಮೇಲೆ ತಲೆಯೆತ್ತಿ ನನ್ನ ಬಣ್ಣ, ನನ್ನ ಹಣೆಯ ಕುಂಕುಮ ನೋಡಿ, ಸ್ವಲ್ಪ ಅನುಮಾನಿಸಿ ಕೇಳಿದಳು. "ನೀವು ಫ್ಯಾಮಿಲಿಯಾ?"

ಹೌದು ಎಂದೆ.